ಮ್ಯಾಕ್‌ಡವೆಲ್: ಕಲ್ಲಿದ್ದಲು ಕಟ್ಟಿದ ಕೌಂಟಿ

ವೆಸ್ಟ್ ವರ್ಜೀನಿಯಾ ರಾಜ್ಯದ ದಕ್ಷಿಣ ತುದಿಯಲ್ಲಿರುವ ಮ್ಯಾಕ್‌ಡವೆಲ್ ಕೌಂಟಿಯ ವಿಸ್ತೀರ್ಣ ಸುಮಾರು 535 ಚದರ ಮೈಲಿ. ಸುತ್ತಲೂ ಅಪಲೇಚಿಯನ್ ಬೆಟ್ಟಗಳು. ಸಮತಟ್ಟು ನೆಲ ಅಪರೂಪ; ಊರುಗಳೆಲ್ಲ ತೊರೆಗಳ ಅಂಚಿಗೆ ಅಂಟಿಕೊಂಡಿವೆ. ಮಳೆ ಮಿತಿ ಮೀರಿದರೆ ನೆರೆ ಮನೆಯೊಳಗೇ ಬರುತ್ತದೆ. 2001 ಮತ್ತು 2002ರಲ್ಲಿ ಹಾಗೆಯೇ ಆಯಿತು.

1858ರಲ್ಲಿ ಈ ಕೌಂಟಿ ರಚನೆಯಾದಾಗ ಇಲ್ಲಿದ್ದವರು ಕೆಲವೇ ಬೇಸಾಯಗಾರರು. 1880ರ ದಶಕದ ಕೊನೆಗೆ ರೈಲು ಬಂದಿತು. ಅದರ ಹಿಂದೆಯೇ ಗಣಿಗಳು. ದಕ್ಷಿಣದ ರಾಜ್ಯಗಳಿಂದ ಕರಿಯರು, ಯೂರೋಪಿನಿಂದ ಇಟಲಿ, ಹಂಗೆರಿಯವರು ಹೊಟ್ಟೆಪಾಡಿಗಾಗಿ ಬಂದು ನೆಲೆಸಿದರು. 1900ರಲ್ಲಿ 18,747 ಇದ್ದ ಜನಸಂಖ್ಯೆ 1950ರಲ್ಲಿ 98,887ಕ್ಕೆ ಏರಿತು.

ಅನಂತರ ಯಂತ್ರಗಳು ಗಣಿಗಿಳಿದವು, ಕೂಲಿಗಳು ಮೇಲೆ ಬಂದರು. 1961ರಲ್ಲಿ ಕೆನಡಿ ಸರ್ಕಾರದ ಆಹಾರ ಚೀಟಿಗಳು ದೇಶದಲ್ಲೇ ಮೊದಲು ವಿತರಣೆಯಾದದ್ದು ಇಲ್ಲಿ. 1980ರ ದಶಕದಲ್ಲಿ ಉಕ್ಕಿನ ಕಂಪನಿಯ ದೊಡ್ಡ ಗಣಿಗಳೂ ಮುಚ್ಚಿದವು. 2020ರ ಜನಗಣತಿಯಲ್ಲಿ ಉಳಿದವರು 19,111. ನೂರಿಪ್ಪತ್ತು ವರ್ಷಗಳ ಬಳಿಕ ಲೆಕ್ಕ ಬಹುತೇಕ ಮೊದಲಿನಲ್ಲಿಗೇ ಬಂದು ನಿಂತಿದೆ.

ಆದರೆ ಮನುಷ್ಯರು ಹಾಗೆ ಮೊದಲಿನಂತಾಗುವುದಿಲ್ಲ. ಕಲ್ಲಿದ್ದಲ ಧೂಳು ಒಮ್ಮೆ ಶ್ವಾಸಕೋಶದಲ್ಲಿ ಕೂತರೆ ಗಣಿ ಬಿಟ್ಟ ಮೇಲೂ ರೋಗ ಬೆಳೆಯಬಹುದು. ಅದನ್ನು ಗುಣಪಡಿಸುವ ಔಷಧಿಯಿಲ್ಲ. 1969ರ ಕಾನೂನು ಧೂಳಿಗೆ ಮಿತಿ ಹಾಕಿತು, ರೋಗಿಗಳಿಗೆ ಪರಿಹಾರ ಕೊಟ್ಟಿತು. 1965ರ ವಲಸೆ ಕಾನೂನಿನ ನಂತರ ಭಾರತದ ಅನೇಕ ವೈದ್ಯರು ಅಪಲೇಚಿಯಾದ ಇಂಥ ಊರುಗಳಿಗೆ ಬಂದು ಆ ಎದೆಗಳಿಗೆ ಸ್ಟೆತಾಸ್ಕೋಪ್ ಇಟ್ಟರು. "ಏನಾಗುತ್ತಿದೆ?" ಎಂಬ ಪ್ರಶ್ನೆಯಷ್ಟೇ ಮುಖ್ಯವಾದುದು ಅಲ್ಲಿ "ಯಾವ ಕೆಲಸದಲ್ಲಿದ್ದಿರಿ, ಎಷ್ಟು ವರ್ಷ?" ಎಂಬುದು. ಕೌಂಟಿಯ ಚರಿತ್ರೆಯೇ ಆ ಉತ್ತರದಲ್ಲಿದೆ.