ಅಪಘಾತದ ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದರೆ ಪೊಲೀಸ್ ಕೇಸಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತೇವೆಯೇ?

ರಸ್ತೆಯಲ್ಲಿ ಯಾರೋ ರಕ್ತದ ಮಡುವಿನಲ್ಲಿ ಬಿದ್ದಿದ್ದಾರೆ. ಸುತ್ತ ಜನ ಸೇರಿದ್ದಾರೆ, ಆದರೆ ಯಾರೂ ಮುಟ್ಟುತ್ತಿಲ್ಲ. "ನಮಗೇಕೆ ಇಲ್ಲದ ತಲೆನೋವು, ನಾಳೆ ಕೋರ್ಟು, ಸ್ಟೇಷನ್ ಅಂತ ಅಲೆಯಬೇಕಾದೀತು" ಎಂಬ ಮಾತು ಕೇಳಿಸುತ್ತದೆ. ಈ ಭಯ ನಿಜವೇ?

ಈ ಭಯ ಬಂದದ್ದು ಎಲ್ಲಿಂದ?

ಹಿಂದೆ ಇದಕ್ಕೆ ಕಾರಣಗಳಿದ್ದವು. ನೆರವಾದವರನ್ನೇ ಪ್ರಶ್ನಿಸುವುದು, ಸಾಕ್ಷಿ ಹೇಳಲು ಪದೇ ಪದೇ ಕರೆಸುವುದು, ಆಸ್ಪತ್ರೆಯಲ್ಲಿ ಅವರಿಂದಲೇ ಹಣ ಕೇಳುವುದು ನಡೆಯುತ್ತಿತ್ತು. ಈ ಕುರಿತು ಸೇವ್‌ಲೈಫ್ ಫೌಂಡೇಶನ್ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಕೇಂದ್ರ ಸರ್ಕಾರ 2015ರ ಮೇ ತಿಂಗಳಲ್ಲಿ ಮಾರ್ಗಸೂಚಿ ಹೊರಡಿಸಿತು. 2016ರ ಮಾರ್ಚ್‌ನಲ್ಲಿ ನ್ಯಾಯಾಲಯ ಅದನ್ನು ದೇಶದಾದ್ಯಂತ ಪಾಲಿಸುವಂತೆ ಆದೇಶಿಸಿತು. ಕರ್ನಾಟಕವೂ ಇದಕ್ಕಾಗಿ ತನ್ನದೇ ಕಾಯ್ದೆ ತಂದಿದೆ.

ಈಗಿನ ಕಾನೂನು ಏನು ಹೇಳುತ್ತದೆ?

2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ತಂದು 134ಎ ಕಲಂ ಸೇರಿಸಲಾಯಿತು. ಅದರ ಪ್ರಕಾರ, ಸದುದ್ದೇಶದಿಂದ, ಪ್ರತಿಫಲ ಬಯಸದೆ ನೆರವಾಗುವವರು 'ಗುಡ್ ಸಮಾರಿಟನ್', ಅಂದರೆ ಆಪದ್ಬಾಂಧವರು. ಅವರು ನೆರವು ನೀಡುವಾಗ ಏನಾದರೂ ತಪ್ಪಾಗಿ ಗಾಯಾಳುವಿಗೆ ತೊಂದರೆಯಾದರೂ ಸಿವಿಲ್ ಅಥವಾ ಕ್ರಿಮಿನಲ್ ಹೊಣೆ ಅವರ ಮೇಲೆ ಬರುವುದಿಲ್ಲ.

2020ರ ನಿಯಮಗಳ ಪ್ರಕಾರ:

- ಹೆಸರು, ವಿಳಾಸ, ಫೋನ್ ನಂಬರ್ ಕೊಡಲೇಬೇಕೆಂದು ಪೊಲೀಸರು ಒತ್ತಾಯಿಸುವಂತಿಲ್ಲ.
- ಸಾಕ್ಷಿಯಾಗುವುದು, ಬಿಡುವುದು ನಿಮ್ಮ ಇಚ್ಛೆ. ಒಪ್ಪಿದರೆ ನಿಮ್ಮ ಅನುಕೂಲ ನೋಡಿಕೊಂಡೇ ವಿಚಾರಿಸಬೇಕು.
- ಈ ಹಕ್ಕುಗಳ ಫಲಕವನ್ನು ಆಸ್ಪತ್ರೆಗಳು ಪ್ರವೇಶದ್ವಾರದ ಬಳಿ ಸ್ಥಳೀಯ ಭಾಷೆಯಲ್ಲೂ ಹಾಕಬೇಕು.

ಗಮನಿಸಿ: ಅಪಘಾತ ಮಾಡಿದ ಚಾಲಕರಿಗೆ ಈ ರಕ್ಷಣೆ ಇಲ್ಲ.

"ಪೊಲೀಸರು ಬರದೆ ಚಿಕಿತ್ಸೆ ಕೊಡುವುದಿಲ್ಲ" ನಿಜವೇ?

ಇಲ್ಲ. ಮೊದಲು ಜೀವ ಉಳಿಸಬೇಕು, ಕಾಗದಪತ್ರ ಆಮೇಲೆ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ತೀರ್ಪು ಕೊಟ್ಟಿದೆ. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕೇಂದ್ರದ ನಗದುರಹಿತ ಚಿಕಿತ್ಸಾ ಯೋಜನೆಯಡಿ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಗಾಯಾಳುವಿಗೆ ಅಪಘಾತದ ದಿನದಿಂದ 7 ದಿನಗಳವರೆಗೆ ₹1.5 ಲಕ್ಷದ ತನಕ ಚಿಕಿತ್ಸೆ ಸಿಗುತ್ತದೆ.

ಇದು ಏಕೆ ಮುಖ್ಯ?

2022ರಲ್ಲಿ ದೇಶದಲ್ಲಿ 1,68,491 ಮಂದಿ ರಸ್ತೆ ಅಪಘಾತಗಳಲ್ಲಿ ಸಾವನ್ನಪ್ಪಿದರು. ಗಾಯವಾದ ನಂತರದ ಮೊದಲ ಒಂದು ಗಂಟೆಯನ್ನು ಕಾಯ್ದೆ 'ಗೋಲ್ಡನ್ ಅವರ್' ಎನ್ನುತ್ತದೆ. ಆ ಹೊತ್ತಿನಲ್ಲಿ ಚಿಕಿತ್ಸೆ ಸಿಕ್ಕರೆ ಬದುಕುವ ಸಾಧ್ಯತೆ ಅತಿ ಹೆಚ್ಚು. ಆಗ ಪಕ್ಕದಲ್ಲಿರುವವರು ವೈದ್ಯರಲ್ಲ, ದಾರಿಹೋಕರು.

ನೀವು ಏನು ಮಾಡಬಹುದು?

112 ಅಥವಾ 108ಕ್ಕೆ ಕರೆ ಮಾಡಿ, ಜಾಗ ಸ್ಪಷ್ಟವಾಗಿ ತಿಳಿಸಿ. ರಕ್ತ ಸುರಿಯುತ್ತಿದ್ದರೆ ಶುಭ್ರ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಬೆಂಕಿ, ವಾಹನಗಳಂಥ ಅಪಾಯವಿಲ್ಲದಿದ್ದರೆ ಗಾಯಾಳುವನ್ನು ಎಳೆದಾಡಬೇಡಿ, ಕುತ್ತಿಗೆ ಅಲುಗಾಡದಂತೆ ನೋಡಿಕೊಳ್ಳಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ, ಅದು ಶ್ವಾಸನಾಳಕ್ಕೆ ಇಳಿಯಬಹುದು.

ತೀರ್ಮಾನ

ಗಾಯಾಳುವಿಗೆ ನೆರವಾದರೆ ಕೇಸ್ ಬೀಳುತ್ತದೆ ಎಂಬುದು ತಪ್ಪು ನಂಬಿಕೆ. ಕಾನೂನು ಬದಲಾಗಿದೆ, ಅದು ಗೊತ್ತಿಲ್ಲದೆ ನಾವು ಹಿಂಜರಿದರೆ ಒಂದು ಜೀವ ಹೋಗಬಹುದು.