ಕಪಿಲೆಯ ಹಿನ್ನೀರಿನ ಸುತ್ತಮುತ್ತ

ಬೇಸಿಗೆ ರಜೆಯಲ್ಲಿ ವಯನಾಡಿನ ನಮ್ಮ ಮನೆಗಳಿಗೆ ಬರುವ ನೆಂಟರಿಷ್ಟರು ಕೇಳುವ ಮೊದಲ ಪ್ರಶ್ನೆ, ಆನೆ ನೋಡಲು ಎಲ್ಲಿಗೆ ಹೋಗಬೇಕು ಎಂಬುದು. ಮುತ್ತಂಗ, ತೋಲ್ಪೆಟ್ಟಿ ಎನ್ನುತ್ತೇವೆ. ಒಂದು ದಿನ ಹೆಚ್ಚು ಇರುವವರಿಗೆ ಬಾವಲಿ ದಾಟಿ ಕಬಿನಿ ಹಿನ್ನೀರಿಗೆ ಹೋಗಿಬನ್ನಿ ಎನ್ನುತ್ತೇವೆ. ಹೋಗಿ ಬಂದವರೆಲ್ಲರೂ ಹೇಳುವುದು ಒಂದೇ ಮಾತು: "ಮನುಷ್ಯನ ಕೈ ಸೋಕದ ಜಾಗ, ಸೃಷ್ಟಿಯಾದ ದಿನ ಹೇಗಿತ್ತೋ ಹಾಗೆಯೇ ಇದೆ." ಮಾತು ಕೇಳಲು ಚೆನ್ನಾಗಿದೆ, ಆದರೆ ನಿಜವಲ್ಲ. ಆ ಸರೋವರಕ್ಕೆ ಇನ್ನೂ ಅರುವತ್ತು ವರ್ಷ ತುಂಬಿಲ್ಲ. ಅದಕ್ಕಿಂತ ಹಿರಿಯರು ನಮ್ಮ ಮನೆಗಳಲ್ಲೇ ಇದ್ದಾರೆ. ಅದರ ಸುತ್ತಲಿನ ಕಾಡಿಗೂ, ಕಾಡಿನಲ್ಲಿದ್ದ ಜನಕ್ಕೂ ಒಂದು ಇತಿಹಾಸವಿದೆ. ನೋಡಲು ಹೋಗುವ ಮೊದಲು ಅದನ್ನು ತಿಳಿದಿರುವುದು ಒಳ್ಳೆಯದು.

ಮೊದಲು ಹೊಳೆಯ ಮಾತು. ಕೇರಳದ 44 ನದಿಗಳಲ್ಲಿ 41 ಪಡುವಣ ಕಡಲಿಗೆ ಹರಿದರೆ ಮೂರು ಮಾತ್ರ ಮೂಡಣಕ್ಕೆ ಹರಿಯುತ್ತವೆ: ಭವಾನಿ, ಪಾಂಬಾರ್ ಮತ್ತು ನಮ್ಮ ಕಬಿನಿ. ಮಲಯಾಳದಲ್ಲಿ ಇವಳು ಕಬನಿ, ಕನ್ನಡದಲ್ಲಿ ಕಬಿನಿ, ಪುರಾಣ ಓದುವವರಿಗೆ ಕಪಿಲೆ. ವೈತ್ತಿರಿ ಸಮೀಪದ ಪೂಕೋಡ್ ಕೆರೆಯಿಂದ ಹೊರಡುವ ನೀರು ಪನಮರಂ ಹೊಳೆಯಾಗುತ್ತದೆ. ಅದು ಮಾನಂದವಾಡಿ ಹೊಳೆಯನ್ನು ಕೂಡಿದಾಗ ಕಬಿನಿ. ಮುಂದೆ ಕುರುವಾ ದ್ವೀಪಗಳನ್ನು ಬಳಸಿ, ಪುಲ್ಪಳ್ಳಿಯ ಪೆರಿಕ್ಕಲ್ಲೂರಿನ ಎದುರಿಗೆ ಬರುವಾಗ ಅವಳೇ ಎರಡು ರಾಜ್ಯಗಳ ಗಡಿ. ಈಚೆ ದಡದಲ್ಲಿ ಕೇರಳ, ಆಚೆ ದಡದಲ್ಲಿ ಹೆಗ್ಗಡದೇವನಕೋಟೆ ಸೀಮೆಯ ಡಿ.ಬಿ. ಕುಪ್ಪೆ. ನಡುವೆ ದೋಣಿ. ಆ ದೋಣಿಯಲ್ಲಿ ಕನ್ನಡ ಯಾವುದು, ಮಲಯಾಳ ಯಾವುದು ಎಂದು ಯಾರೂ ಗೆರೆ ಎಳೆದದ್ದಿಲ್ಲ. ಅಲ್ಲಿಂದ ಕೆಳಗೆ ಹೊಳೆ ಅಗಲವಾಗುತ್ತಾ ಹೋಗಿ ಸರೋವರವಾಗುತ್ತದೆ. ಅದರ ಬಡಗಣ ದಡದಲ್ಲಿ ನಾಗರಹೊಳೆ, ತೆಂಕಣ ದಡದಲ್ಲಿ ಬಂಡೀಪುರ, ಮೇಲೆ ಪಡುವಣಕ್ಕೆ ವಯನಾಡು ಅಭಯಾರಣ್ಯ.

ಈ ದಂಡೆ ಬಹಳ ಹಳೆಯದು. ಹೊಳೆಯ ದಡದ ಕಿತ್ತೂರು ಒಂದು ಕಾಲದಲ್ಲಿ ಪುನ್ನಾಟ ರಾಜ್ಯದ ರಾಜಧಾನಿ ಕೀರ್ತಿಪುರವಾಗಿತ್ತು. ಕ್ರಿಸ್ತಶಕ ಎರಡನೆಯ ಶತಮಾನದ ಗ್ರೀಕ್ ಭೂಗೋಳಜ್ಞ ಟಾಲೆಮಿ ವೈಡೂರ್ಯ ಸಿಗುವ 'ಪೌನ್ನಾಟ' ಎಂದು ಬರೆದದ್ದು ಈ ಸೀಮೆಯನ್ನೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಇತ್ತೀಚಿನ ಕಾಲಕ್ಕೆ ಬಂದರೆ ಕಾಕನಕೋಟೆ. ಮಾಸ್ತಿಯವರ 'ಕಾಕನಕೋಟೆ' ನಾಟಕವನ್ನೋ 1977ರಲ್ಲಿ ಬಂದ ಚಲನಚಿತ್ರವನ್ನೋ ಬಲ್ಲವರಿಗೆ ಈ ಹೆಸರು ಹೊಸದಲ್ಲ. ಕಾಡಿನ ಜನರ ನಾಯಕನೊಬ್ಬನ ಹೆಸರಿನಿಂದ ಪ್ರಸಿದ್ಧವಾದ ಈ ಕಾಡಿಗೆ ಮೈಸೂರು ಸಂಸ್ಥಾನದ ಕಾಲದಲ್ಲಿ ಇನ್ನೊಂದು ಖ್ಯಾತಿ ಬಂತು. ಅದು ಖೆಡ್ಡಾ.

ಕಾಡಾನೆಗಳನ್ನು ಹಿಂಡು ಹಿಂಡಾಗಿ ಹಿಡಿಯುವ ಈ ಪದ್ಧತಿಯನ್ನು ಮೈಸೂರಿನಲ್ಲಿ ಯಶಸ್ವಿಯಾಗಿ ನಡೆಸಿದವನು ಜಿ.ಪಿ. ಸ್ಯಾಂಡರ್ಸನ್ ಎಂಬ ಆಂಗ್ಲ ಅಧಿಕಾರಿ. 1874ರಲ್ಲಿ ಚಾಮರಾಜನಗರದ ಬಳಿ ಅವನು ಮೊದಲ ಯಶಸ್ಸು ಕಂಡ. ಆಮೇಲೆ ಕಾಕನಕೋಟೆಯೇ ಇದರ ಮುಖ್ಯ ನೆಲೆಯಾಯಿತು. ತಮಟೆ, ಬೆಂಕಿ, ಕೂಗುಗಳಿಂದ ಆನೆಗಳನ್ನು ಸುತ್ತುವರಿದು ಹೊಳೆಗೆ ಇಳಿಸುವುದು, ಹೊಳೆ ಹಾಯಿಸಿ ಮರದ ದಿಮ್ಮಿಗಳ ದೊಡ್ಡಿಗೆ ತುಂಬುವುದು, ಪಳಗಿದ ಆನೆಗಳ ನೆರವಿನಿಂದ ಕಾಲಿಗೆ ಹಗ್ಗ ಹಾಕುವುದು. ಅರಸರ ಅತಿಥಿಗಳು ಅಟ್ಟಣೆಯ ಮೇಲೆ ಕುಳಿತು ಇದನ್ನು ನೋಡುತ್ತಿದ್ದರು. ಇಂದಿನ ಪ್ರವಾಸಿಗರ ಹಿರಿಯರು ಅವರೇ ಎನ್ನಬೇಕು. ಆದರೆ ಆನೆಯ ಜಾಡು ಹಿಡಿದವರು, ಹೊಳೆಗೆ ಇಳಿದವರು, ಹಿಡಿದ ಆನೆಯನ್ನು ಪಳಗಿಸಿದವರು ಜೇನುಕುರುಬರು ಮತ್ತು ಬೆಟ್ಟಕುರುಬರು. ಫೋಟೋಗಳಲ್ಲಿ ಅತಿಥಿಗಳ ಹೆಸರಿದೆ, ಇವರ ಹೆಸರಿಲ್ಲ.

ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರುವರ್ಷವೇ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1968ರ ಖೆಡ್ಡಾದಲ್ಲಿ ಸಿಕ್ಕಿದ ಅರ್ಜುನ ನಮ್ಮ ಕಾಲದವರೆಗೂ ಬದುಕಿದ್ದ. ಬಾವಲಿಯಿಂದ ಮೈಸೂರಿಗೆ ಹೋಗುವ ದಾರಿಯ ಬಳ್ಳೆ ಶಿಬಿರದಲ್ಲಿ ಅವನನ್ನು ನಮ್ಮಲ್ಲಿ ಎಷ್ಟೋ ಮಂದಿ ನೋಡಿದ್ದೇವೆ. 2012ರಿಂದ 2019ರವರೆಗೆ ಎಂಟು ದಸರಾಗಳಲ್ಲಿ ಅಂಬಾರಿ ಹೊತ್ತ ಆ ಆನೆ 2023ರ ಡಿಸೆಂಬರ್ 4ರಂದು ಸಕಲೇಶಪುರದ ಕಡೆ ಕಾಡಾನೆಯ ಸೆಣಸಾಟದಲ್ಲಿ ಸತ್ತಿತು.

1974ರಲ್ಲಿ ಸರಗೂರು ಬಳಿಯ ಬಿದರಹಳ್ಳಿ, ಬೀಚನಹಳ್ಳಿಗಳ ನಡುವೆ ಅಣೆಕಟ್ಟು ಮುಗಿಯಿತು. 19.52 ಟಿ.ಎಂ.ಸಿ. ನೀರು ನಿಂತಿತು. ಹಳ್ಳಿಗಳು, ಹೊಲಗದ್ದೆಗಳು, ಕಾಡಿನ ತಗ್ಗು ಪ್ರದೇಶ ಎಲ್ಲವೂ ನೀರಿನಡಿ ಹೋದವು. ಇಂದಿಗೂ ಹಿನ್ನೀರಿನ ನಡುವೆ ನಿಂತಿರುವ, ನೀರುಕಾಗೆಗಳು ರೆಕ್ಕೆ ಹರಡಿ ಕೂರುವ ಒಣ ಬೊಡ್ಡೆಗಳು ಮುಳುಗಿದ ಕಾಡಿನ ಮರಗಳು. ಪ್ರವಾಸಿಗರು ಅವುಗಳ ಚಿತ್ರ ತೆಗೆದುಕೊಳ್ಳುತ್ತಾರೆ.

ಆನೆಗಳು ಅಲ್ಲಿ ಸೇರುವುದಕ್ಕೂ ಈ ಅಣೆಕಟ್ಟೇ ಕಾರಣ. ವಯನಾಡಿನಲ್ಲಿ ಮಿಥುನ, ಕರ್ಕಾಟಕದ ಮಳೆ ಹೊಡೆದರೆ ಜಲಾಶಯ ಬೇಗ ತುಂಬುತ್ತದೆ. ಬೇಸಿಗೆಯಲ್ಲಿ ನಾಲೆಗಳಿಗೆ ನೀರು ಬಿಟ್ಟಂತೆಲ್ಲ ಹಿನ್ನೀರು ಇಳಿಯುತ್ತದೆ. ಇಳಿದ ಕಡೆಯ ಹಸಿ ಮಣ್ಣಿನಲ್ಲಿ ಎಳೆ ಹುಲ್ಲು ಚಿಗುರುತ್ತದೆ. ಅದೇ ಹೊತ್ತಿಗೆ ಕಾಡಿನೊಳಗೆ ಕೆರೆಕುಂಟೆಗಳು ಬತ್ತಿ ಬಿದಿರು ಒಣಗಿರುತ್ತದೆ. ಹಾಗಾಗಿ ಮಾರ್ಚಿಯಿಂದ ಮೇ ತಿಂಗಳವರೆಗೆ ನಾಗರಹೊಳೆ, ಬಂಡೀಪುರ, ವಯನಾಡು, ಮುದುಮಲೆ ಎಲ್ಲ ಕಡೆಯ ಆನೆಗಳೂ ಈ ದಂಡೆಗೆ ಬರುತ್ತವೆ. ಏಷ್ಯಾದ ಆನೆಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಒಂದೆಡೆ ಸೇರುವುದು ಬೇರೆಲ್ಲೂ ಕಾಣುವುದು ಅಪರೂಪ. ಸೃಷ್ಟಿಯ ಸೊಬಗು ಎಂದು ನಾವು ಬೆರಗಾಗುವ ನೋಟ ನೀರಾವರಿ ಇಲಾಖೆಯ ತೂಬಿನ ಲೆಕ್ಕಕ್ಕೂ ಒಳಪಟ್ಟದ್ದು.

ಇನ್ನು ಕಾಡುಗಳ ಹೆಸರು ಮತ್ತು ಗಡಿಗಳು. ಬಂಡೀಪುರದಲ್ಲಿ ಮೈಸೂರು ಅರಸರು 1931ರಲ್ಲೇ ಒಂದು ಭಾಗವನ್ನು ರಕ್ಷಿತ ತಾಣ ಮಾಡಿದ್ದರು. 1941ರಲ್ಲಿ ಅದು ವೇಣುಗೋಪಾಲ ವನ್ಯಜೀವಿ ಉದ್ಯಾನವಾಗಿ ಬೆಳೆಯಿತು. 1973ರಲ್ಲಿ ಹುಲಿ ಯೋಜನೆಯ ಮೊದಲ ಒಂಬತ್ತು ತಾಣಗಳಲ್ಲಿ ಅದೂ ಒಂದಾಯಿತು. ನಾಗರಹೊಳೆ 1955ರಲ್ಲಿ ಅಭಯಾರಣ್ಯ, 1988ರಲ್ಲಿ ರಾಷ್ಟ್ರೀಯ ಉದ್ಯಾನ. ವಯನಾಡು ಅಭಯಾರಣ್ಯ 1973ರದ್ದು, 344 ಚದರ ಕಿಲೋಮೀಟರು, ಅದೂ ಒಂದಕ್ಕೊಂದು ಅಂಟದ ಎರಡು ತುಂಡು: ಬಡಗಣದಲ್ಲಿ ತೋಲ್ಪೆಟ್ಟಿ, ತೆಂಕಣದಲ್ಲಿ ಮುತ್ತಂಗ, ಬತ್ತೇರಿ, ಕುರಿಚ್ಯಾಟ್. 1956ರಲ್ಲಿ ಭಾಷಾವಾರು ಪ್ರಾಂತಗಳಾದಾಗ ಮನುಷ್ಯರ ನಡುವೆ ಬಿದ್ದ ಗೆರೆ ಕಾಡಿನ ನಡುವೆಯೂ ಬಿತ್ತು. ಗೆರೆಯ ಈಚೆಗೆ ಉಳಿದ ಕನ್ನಡಿಗರಾದ ನಮಗೆ ಅದರ ಅರ್ಥ ಚೆನ್ನಾಗಿ ಗೊತ್ತು. ಆನೆಗಳಿಗೆ ಗೊತ್ತಿಲ್ಲ. 2024ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ಹಿಡಿದು ರೇಡಿಯೋ ಕಾಲರ್ ಹಾಕಿ ಬಿಟ್ಟಿದ್ದ ಆನೆಯೊಂದು ಮಾನಂದವಾಡಿಯ ಮನೆಯಂಗಳಕ್ಕೆ ಬಂದು ಒಬ್ಬರನ್ನು ಕೊಂದಿತು. ಮರುತಿಂಗಳು ಕರ್ನಾಟಕ, ಕೇರಳ, ತಮಿಳುನಾಡುಗಳು ಬಂಡೀಪುರದಲ್ಲಿ ಕುಳಿತು ವನ್ಯಜೀವಿ ಸಂಘರ್ಷದ ವಿಷಯದಲ್ಲಿ ಕೂಡಿ ಕೆಲಸ ಮಾಡುವ ಒಪ್ಪಂದಕ್ಕೆ ಸಹಿ ಹಾಕಿದವು. ಒಂದೇ ಕಾಡನ್ನು ಒಂದೇ ಕಾಡು ಎಂದು ಕಾಗದದ ಮೇಲೆ ಒಪ್ಪಿಕೊಳ್ಳಲು ಒಂದು ಜೀವ ಹೋಗಬೇಕಾಯಿತು.

ಎಲ್ಲಕ್ಕಿಂತ ಭಾರವಾದ ಅಧ್ಯಾಯ ಜನರದ್ದು. ನಾಗರಹೊಳೆಯ ಹಾಡಿಗಳಲ್ಲಿದ್ದ ಜೇನುಕುರುಬರು, ಬೆಟ್ಟಕುರುಬರು, ಯರವರಲ್ಲಿ ಅನೇಕರನ್ನು 1970ರ ದಶಕದಿಂದಲೇ ಹೊರಗೆ ಕಳುಹಿಸಲಾಯಿತು. ಬಹುಪಾಲು ಮಂದಿ ಕೊಡಗಿನ ಕಾಫಿ ತೋಟಗಳ ಕೂಲಿಗಳಾದರು. ಹಾಡಿಗಳನ್ನು ಎಬ್ಬಿಸುತ್ತಿದ್ದ ಅದೇ ಉದ್ಯಾನದೊಳಗೆ ದೊಡ್ಡ ಹೋಟೆಲ್ ಸಂಸ್ಥೆಯೊಂದಕ್ಕೆ ವಸತಿಗೃಹ ನಡೆಸಲು ಜಾಗ ಕೊಟ್ಟಾಗ ಆದಿವಾಸಿಗಳು ಎದ್ದು ನಿಂತರು. 1997ರಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ತಡೆಯಿತು. ನಮ್ಮ ಕಡೆ ಮುತ್ತಂಗದಲ್ಲಿ ಭೂಮಿಗಾಗಿ ಗುಡಿಸಲು ಹಾಕಿದ್ದ ಆದಿವಾಸಿಗಳ ಮೇಲೆ 2003ರ ಫೆಬ್ರವರಿ 19ರಂದು ಗೋಲಿಬಾರ್ ನಡೆಯಿತು. ಒಬ್ಬ ಆದಿವಾಸಿಯೂ ಒಬ್ಬ ಪೊಲೀಸನೂ ಸತ್ತರು. 2006ರಲ್ಲಿ ಅರಣ್ಯ ಹಕ್ಕು ಕಾಯ್ದೆ ಬಂತು. ಆದರೂ 2025ರ ಮೇ ತಿಂಗಳಲ್ಲಿ ಜೇನುಕುರುಬರ ಕೆಲವು ಕುಟುಂಬಗಳು ಬಿಟ್ಟುಹೋದ ತಮ್ಮ ಹಾಡಿಗೆ ತಾವಾಗಿಯೇ ಹಿಂತಿರುಗಿ ಗುಡಿಸಲು ಕಟ್ಟಿದವು. ಕಾಯ್ದೆ ಬಂದು ಹತ್ತೊಂಬತ್ತು ವರ್ಷವಾಗಿತ್ತು.

ಇವರು ನಮಗೆ ದೂರದವರೇ? ವಯನಾಡಿನ ಕಾಟುನಾಯಕರನ್ನು ತೇನ್ ಕುರುಮರೆಂದೂ ಕರೆಯುತ್ತಾರೆ. ತೇನ್ ಎಂದರೆ ಜೇನೇ. ಅವರ ಮಾತು ಕನ್ನಡಕ್ಕೆ ಹತ್ತಿರದ್ದು. ಬ್ಯಾಂಕಿನ ಕೌಂಟರಿನ ಈಚೆ ಕುಳಿತು ನಾನು ಇಷ್ಟು ವರ್ಷ ಕೇಳಿದ್ದೇನೆ: ಪಿಂಚಣಿಗೆ ಬರುವ ಅಜ್ಜಿಯರು ಮಲಯಾಳದಲ್ಲಿ ಆರಂಭಿಸಿ, ತಮ್ಮತಮ್ಮೊಳಗೆ ಮಾತಾಡುವಾಗ ನಮ್ಮ ಕಿವಿಗೆ ಪರಿಚಯದ ಶಬ್ದಗಳನ್ನೇ ಆಡುತ್ತಾರೆ. ಗಡಿನಾಡ ಕನ್ನಡಿಗರು ಎಂದಾಗ ನಾವು ನಮ್ಮ ಶಾಲೆ, ನಮ್ಮ ಸಂಘ, ನಮ್ಮ ಅರ್ಜಿಗಳ ಬಗ್ಗೆ ಮಾತಾಡುತ್ತೇವೆ. ಶಾಲೆಯೂ ಸಂಘವೂ ಇಲ್ಲದ ಈ ಬಂಧುಗಳನ್ನು ಲೆಕ್ಕಕ್ಕೆ ಹಿಡಿದದ್ದು ಕಡಿಮೆ.

ಹೋಗುವವರಿಗೆ ಕೆಲವು ಮಾತು. 2009ರಿಂದ ಬತ್ತೇರಿ-ಗುಂಡ್ಲುಪೇಟೆ ರಸ್ತೆಯಲ್ಲಿ ಬಂಡೀಪುರದೊಳಗೆ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಬಾವಲಿ ದಾರಿಯಲ್ಲೂ ಹಾಗೆಯೇ. ರೋಗಿಯನ್ನು ಕರೆದೊಯ್ಯುವವರಿಗೆ, ಮೈಸೂರಿನ ಸಂತೆಯನ್ನು ನಂಬಿದವರಿಗೆ ಅದರ ಕಷ್ಟ ಗೊತ್ತು. ಆದರೆ ಇರುಳಿನಲ್ಲಿ ಲಾರಿಯ ಚಕ್ರಕ್ಕೆ ಸಿಕ್ಕಿ ಸಾಯುತ್ತಿದ್ದ ಜಿಂಕೆ, ಆನೆಮರಿಗಳ ಕಷ್ಟವನ್ನು ಹೇಳಲು ಅವಕ್ಕೆ ಸಂಘವಿಲ್ಲ. ಹಗಲಿನಲ್ಲೇ ಹೊರಡಿ. ಸಫಾರಿ ನಡೆಯುತ್ತಿದೆಯೇ ಎಂದು ಮೊದಲೇ ವಿಚಾರಿಸಿ. ಪೂಕೋಡಿನಲ್ಲಿ ಹೊಳೆಯ ಹುಟ್ಟನ್ನು ನೋಡಿ, ಪೆರಿಕ್ಕಲ್ಲೂರಿನಲ್ಲಿ ದೋಣಿಯ ಕಡವನ್ನು ನೋಡಿ, ಆಮೇಲೆ ಹಿನ್ನೀರನ್ನು ನೋಡಿ. ಆಗ ಅದು ಬರೀ ನೋಟವಾಗಿ ಉಳಿಯುವುದಿಲ್ಲ. ಆನೆ ಕಂಡರೆ ನಿಮ್ಮ ಭಾಗ್ಯ. ಕಾಣದಿದ್ದರೂ, ದೋಣಿ ನಡೆಸುವವನನ್ನೋ ಜೀಪಿನ ಮುಂದೆ ಕೂರುವ ಜಾಡುಗಾರನನ್ನೋ ನಿಮ್ಮ ಹಿರಿಯರ ಹಾಡಿ ಎಲ್ಲಿತ್ತು ಎಂದು ಒಮ್ಮೆ ಕೇಳಿ ನೋಡಿ. ಕನ್ನಡದಲ್ಲೇ ಕೇಳಬಹುದು, ಉತ್ತರ ಬರುತ್ತದೆ.