ಮರವಾಗಿ ಬಗ್ಗೀತೆ?

ನಮ್ಮ ಕಾಲೇಜಿನ ವಾರ್ಷಿಕ ಕ್ರೀಡೋತ್ಸವದಲ್ಲಿ ವಿದ್ಯಾರ್ಥಿಗಳ ಪಂದ್ಯಗಳೆಲ್ಲ ಮುಗಿದ ಮೇಲೆ ಅಧ್ಯಾಪಕರಿಗಾಗಿ ನೂರು ಮೀಟರಿನ ಒಂದು ಓಟವನ್ನಿಡುವುದು ಪದ್ಧತಿ. ಗೆಲ್ಲುವವರಿಗಿಂತ ಹೆಚ್ಚಾಗಿ ನೋಡಿ ನಗುವವರಿಗಾಗಿ ಏರ್ಪಡಿಸಿದ ಪಂದ್ಯ ಅದು. ಎರಡು ವರ್ಷಗಳ ಕೆಳಗೆ, ನನ್ನ ನಲವತ್ತನಾಲ್ಕನೆಯ ವಯಸ್ಸಿನಲ್ಲಿ, ನಾನೂ ಷರಾಯಿ ಮಡಿಸಿ ಗೆರೆಯ ಮೇಲೆ ನಿಂತೆ. ವಿದ್ಯಾರ್ಥಿದೆಸೆಯಲ್ಲಿ ಓಡುತ್ತಿದ್ದ ನೆನಪು ತಲೆಯಲ್ಲಿತ್ತು. ಕಾಲುಗಳಿಗೆ ಆ ನೆನಪು ಇರಲಿಲ್ಲ. ಅರ್ಧ ದಾರಿ ಹೋಗುವಷ್ಟರಲ್ಲಿ ಎಡಗಾಲಿನ ಮೀನಖಂಡಕ್ಕೆ ಯಾರೋ ಹಿಂದಿನಿಂದ ಕಲ್ಲು ಬೀರಿದಂತಾಯಿತು. ತಿರುಗಿ ನೋಡಿದರೆ ಯಾರೂ ಇಲ್ಲ. ಸ್ನಾಯು ಹರಿದಿತ್ತು. ನನ್ನನ್ನು ಹಿಡಿದುಕೊಂಡು ಕುರ್ಚಿಯ ಮೇಲೆ ಕೂರಿಸಿದ ನಮ್ಮ ಅಟೆಂಡರು, ಸಮಾಧಾನಕ್ಕೆಂದೇ ಇರಬೇಕು, "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತಾ, ಸಾರ್?" ಎಂದರು.

ಆ ಗಾದೆಯನ್ನು ನಾನು ತರಗತಿಯಲ್ಲಿ ಎಷ್ಟು ಸಲ ವಿವರಿಸಿದ್ದೇನೋ! ಅದು ನಿಜವೇ ಎಂದು ಮಾತ್ರ ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಕಾಲು ನೀಡಿಕೊಂಡು ಮಲಗಿದ್ದ ಆರು ವಾರಗಳಲ್ಲಿ ಓಟದ ಚರಿತ್ರೆಯನ್ನು ಓದುತ್ತ ಹೋದೆ. ಆ ಗಾದೆಯನ್ನು ಒಪ್ಪದ ಕೆಲವರು ಅಲ್ಲಿ ಸಿಕ್ಕಿದರು.

ಮೊದಲನೆಯವನು ಅಮೆರಿಕದ ಕ್ಲಾರೆನ್ಸ್ ಡಿಮಾರ್. ಅಚ್ಚುಕೂಟದಲ್ಲಿ ದುಡಿಯುತ್ತಿದ್ದ ಮನುಷ್ಯ. ಹುಟ್ಟಿದ್ದು 1888ರಲ್ಲಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ದೀರ್ಘ ಓಟವೆಂದರೆ ಹೃದಯವನ್ನು ಸವೆಸುವ ಕೆಲಸವೆಂಬ ಭಾವನೆ ವೈದ್ಯರಲ್ಲಿಯೂ ಇತ್ತು. 1911ರಲ್ಲಿ ಬಾಸ್ಟನ್ ಮ್ಯಾರಥಾನಿಗೆ ಮುಂಚೆ ಡಿಮಾರನ ಎದೆಯಲ್ಲಿ ಮರ್ಮರ ಶಬ್ದ ಕೇಳಿದ ವೈದ್ಯರು ಓಟವನ್ನು ಬಿಡುವಂತೆ ಹೇಳಿದರು. ಅವನು ಓಡಿ ಗೆದ್ದ. ಆದರೂ ಆ ಎಚ್ಚರಿಕೆ ಮನಸ್ಸಿನಲ್ಲಿ ಉಳಿದು, ಕೆಲವು ವರ್ಷ ದೊಡ್ಡ ಪಂದ್ಯಗಳಿಂದ ದೂರವೇ ಇದ್ದ. ಮತ್ತೆ ಬಂದಾಗ ಅವನಿಗೆ ಮೂವತ್ತು ದಾಟಿತ್ತು. 1922, 1923, 1924, 1927, 1928, 1930 - ಹೀಗೆ ಇನ್ನೂ ಆರು ಸಲ ಬಾಸ್ಟನ್ನಿನಲ್ಲಿ ಗೆದ್ದ. ಕಡೆಯ ಗೆಲುವಿನ ಹೊತ್ತಿಗೆ ವಯಸ್ಸು ನಲವತ್ತೊಂದು. ಅದೇ ಪಂದ್ಯವನ್ನು 1954ರಲ್ಲಿ, ಅರವತ್ತೈದರಲ್ಲಿ, ಕೊನೆಯ ಬಾರಿಗೆ ಓಡಿದ. 1958ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡಾಗ ಅವನ ಹೃದಯವನ್ನು ಪರೀಕ್ಷಿಸಿದ ವೈದ್ಯರು, ಹೃದಯಕ್ಕೆ ರಕ್ತವೊಯ್ಯುವ ನಾಳಗಳು ಸಾಮಾನ್ಯಕ್ಕಿಂತ ಎರಡು ಮೂರು ಪಟ್ಟು ಅಗಲವಾಗಿದ್ದುದನ್ನು ಕಂಡು 1961ರಲ್ಲಿ ಪ್ರಕಟಿಸಿದರು. ಒಬ್ಬನ ಹೃದಯದಿಂದ ಎಲ್ಲರಿಗೂ ಅನ್ವಯಿಸುವ ಸಿದ್ಧಾಂತ ಹೊರಡಲಾರದು. ಆದರೆ ಓಟವೇ ಹೃದಯವನ್ನು ಸವೆಸುತ್ತದೆಂಬ ಹಳೆಯ ಭಯಕ್ಕೆ ಆ ಹೃದಯ ಸಾಕ್ಷಿ ನುಡಿಯಲಿಲ್ಲ.

ಡಿಮಾರ್ ಒಂದು ಅಪವಾದ ಎನ್ನಬಹುದು. ಅಪವಾದವನ್ನು ಪದ್ಧತಿಯನ್ನಾಗಿ ಮಾಡಿದವನು ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡ್. 1917ರಲ್ಲಿ ಆಕ್ಲೆಂಡಿನಲ್ಲಿ ಹುಟ್ಟಿದ ಈತ ಪಾದರಕ್ಷೆಯ ಕಾರ್ಖಾನೆಯ ಕೆಲಸಗಾರ. ರಗ್ಬಿ ಆಡುತ್ತಿದ್ದವನು, ತಾನು ಗಟ್ಟಿಮುಟ್ಟಾಗಿದ್ದೇನೆಂದೇ ನಂಬಿದ್ದವನು. ಎರಡನೆಯ ಮಹಾಯುದ್ಧ ಮುಗಿಯುವ ಸುಮಾರಿಗೆ, ತನಗಿಂತ ಹಿರಿಯನಾದ ಒಬ್ಬ ಓಟಗಾರನ ಜೊತೆಯಲ್ಲಿ ಐದು ಮೈಲಿ ಓಡಲು ಹೋಗಿ ಏದುಸಿರು ಬಿಟ್ಟು ಸುಸ್ತಾದ. ಇಪ್ಪತ್ತೇಳಕ್ಕೇ ಹೀಗಾದರೆ ನಲವತ್ತೇಳಕ್ಕೆ ನನ್ನ ಗತಿಯೇನು ಎಂದು ಆ ದಿನ ಅವನು ತನ್ನನ್ನೇ ಕೇಳಿಕೊಂಡನಂತೆ. ಇದನ್ನೋದಿದಾಗ ನಲವತ್ತನಾಲ್ಕರ ನಾನು ಹಾಸಿಗೆಯಲ್ಲಿಯೇ ಎದ್ದು ಕುಳಿತೆ.

ಆಗಿನ ನಂಬಿಕೆಯೆಂದರೆ, ವೇಗ ಬೇಕಾದವನು ವೇಗವಾಗಿಯೇ ಓಡಬೇಕು. ಚೆಕೊಸ್ಲೊವಾಕಿಯದ ಎಮಿಲ್ ಜಾಟೊಪೆಕ್ ನಾನೂರು ಮೀಟರಿನ ತುಂಡು ಓಟಗಳನ್ನು ಲೆಕ್ಕವಿಲ್ಲದಷ್ಟು ಸಲ ಓಡಿ, ನಡುನಡುವೆ ಮೆಲ್ಲಗೆ ಓಡಿ ಸುಧಾರಿಸಿಕೊಂಡು, ಆ ಕಠೋರ ಸಾಧನೆಯ ಬಲದಿಂದ 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಮೂರು ಚಿನ್ನದ ಪದಕಗಳನ್ನು ಗೆದ್ದಿದ್ದ. ಲಿಡಿಯಾರ್ಡ್ ಬೇರೆ ದಾರಿ ಹಿಡಿದ. ತನ್ನ ದೇಹವನ್ನೇ ಪ್ರಯೋಗಶಾಲೆ ಮಾಡಿಕೊಂಡು, ಒಂದೊಂದು ಕಾಲದಲ್ಲಿ ವಾರಕ್ಕೆ ಇನ್ನೂರೈವತ್ತು ಮೈಲಿಗಳವರೆಗೂ ಓಡಿ ನೋಡಿದ. ಕಡೆಗೆ ಅವನು ನಿಂತದ್ದು ವಾರಕ್ಕೆ ನೂರು ಮೈಲಿಯ ಲೆಕ್ಕದಲ್ಲಿ. ಓಡಿದ್ದು ಉಸಿರು ಕಟ್ಟುವಂತಲ್ಲ, ಜೊತೆಗಾರನೊಡನೆ ಮಾತಾಡುತ್ತ ಹೋಗುವಂಥ ನಡೆಯಲ್ಲಿ. 1953ರಲ್ಲಿಯೂ 1955ರಲ್ಲಿಯೂ ತನ್ನ ದೇಶದ ಮ್ಯಾರಥಾನ್ ಪ್ರಶಸ್ತಿ ಅವನಿಗೇ ಬಂತು.

ಅವನ ಪದ್ಧತಿಯ ಮರ್ಮವಿರುವುದು ಮೈಲಿಗಳ ಎಣಿಕೆಗಿಂತ ಕ್ರಮದಲ್ಲಿ. ಮೊದಲು ತಿಂಗಳುಗಟ್ಟಲೆ ನಿಧಾನದ ದೀರ್ಘ ಓಟ. ಅದರಿಂದ ಹೃದಯಕ್ಕೂ ಶ್ವಾಸಕ್ಕೂ ತಳಪಾಯ. ಆಮೇಲೆ ಕೆಲವು ವಾರ ಗುಡ್ಡ ಹತ್ತುವುದು - ಬರಿದೇ ಹತ್ತುವುದಲ್ಲ, ಮಂಡಿಯೆತ್ತಿ ಪುಟಿಯುತ್ತ ಹತ್ತುವುದು. ಅದರಿಂದ ಕಾಲಿಗೆ ಕಸುವು. ಕಡೆಯಲ್ಲಿ, ಪಂದ್ಯ ಹತ್ತಿರವಾದಾಗ ಮಾತ್ರ, ಮೈದಾನದ ಬಿರುಸಿನ ಓಟ, ಅದರಿಂದ ವೇಗ. ತಳಪಾಯವಿಲ್ಲದೆ ಕಳಸವಿಡಬಾರದೆಂಬುದು ಮನೆ ಕಟ್ಟುವವರಿಗೆ ಗೊತ್ತಿದ್ದ ಸಂಗತಿ. ಓಟಗಾರರಿಗೆ ಅದನ್ನು ತೋರಿಸಿಕೊಟ್ಟವನು ಈ ಕಾರ್ಖಾನೆಯ ಕೆಲಸಗಾರ.

ಅವನ ಶಿಷ್ಯರಲ್ಲಿ ಹಲವರು ಆಕ್ಲೆಂಡಿನ ಹುಡುಗರು. ಎಂಟುನೂರು ಮೀಟರಿನ ಓಟಗಾರನಾದ ಪೀಟರ್ ಸ್ನೆಲ್ಲನನ್ನೂ ಅವನು ವೈಟಾಕೆರೆ ಬೆಟ್ಟಸಾಲಿನ ಇಪ್ಪತ್ತೆರಡು ಮೈಲಿಯ ದಾರಿಯಲ್ಲಿ ಓಡಿಸಿದ. ಎರಡು ನಿಮಿಷದೊಳಗೆ ಮುಗಿಯುವ ಪಂದ್ಯಕ್ಕೆ ಗಂಟೆಗಟ್ಟಲೆಯ ಓಟವೇಕೆ? ಆರಂಭದಲ್ಲಿ ಎಲ್ಲರಿಗೂ ವೇಗವಿರುತ್ತದೆ, ಕೊನೆಯಲ್ಲಿ ಅದನ್ನು ಉಳಿಸಿಕೊಂಡವನು ಗೆಲ್ಲುತ್ತಾನೆ ಎಂಬುದು ಲಿಡಿಯಾರ್ಡನ ವಾದ. 1960ರ ರೋಮ್ ಒಲಿಂಪಿಕ್ಸಿನಲ್ಲಿ ಸ್ನೆಲ್ ಮೂರು ದಿನಗಳಲ್ಲಿ ನಾಲ್ಕು ಸುತ್ತು ಓಡಿ, ಸೆಪ್ಟೆಂಬರ್ 2ರಂದು ವಿಶ್ವದಾಖಲೆಯ ಒಡೆಯನಾಗಿದ್ದ ರೋಜರ್ ಮೂನ್ಸನನ್ನು ಹಿಂದೆ ಹಾಕಿ ಚಿನ್ನ ಗೆದ್ದ. ಅದೇ ದಿನ, ಒಂದು ಗಂಟೆ ಕಳೆಯುವುದರೊಳಗೆ, ರಗ್ಬಿಯಲ್ಲಿ ಪೆಟ್ಟಾಗಿ ಎಡಗೈ ಸೊರಗಿದ್ದ ಮರೆ ಹ್ಯಾಲ್ಬರ್ಗ್ ಐದು ಸಾವಿರ ಮೀಟರಿನಲ್ಲಿ ಗೆದ್ದ. ಇನ್ನೊಬ್ಬ ಶಿಷ್ಯ ಬ್ಯಾರಿ ಮಗೀ ಮ್ಯಾರಥಾನಿನಲ್ಲಿ ಕಂಚಿನ ಪದಕ ಪಡೆದ.

ನನ್ನಂಥವರಿಗೆ ಬೇಕಾದ ಅಧ್ಯಾಯ ಇನ್ನು ಮುಂದಿನದು. ಪದಕಗಳು ಬಂದ ಮೇಲೆ ಲಿಡಿಯಾರ್ಡ್ ನಡುವಯಸ್ಸಿನ ಗೃಹಸ್ಥರನ್ನೂ ಹೃದ್ರೋಗದಿಂದ ಚೇತರಿಸಿಕೊಂಡವರನ್ನೂ ನಿಧಾನವಾಗಿ ಓಡಿಸತೊಡಗಿದ. 1962ರ ಕೊನೆಯಲ್ಲಿ ಅಮೆರಿಕದ ಆರೆಗಾನ್ ವಿಶ್ವವಿದ್ಯಾಲಯದ ಓಟದ ಗುರು ಬಿಲ್ ಬೋವರ್ಮನ್ ಆಕ್ಲೆಂಡಿಗೆ ಬಂದ. ಅವನಿಗೆ ಐವತ್ತೊಂದು ವರ್ಷ. ಒಂದು ಬೆಳಿಗ್ಗೆ ಈ ಗೃಹಸ್ಥರ ಜೊತೆ ಓಡಲು ಹೋಗಿ ಬಹುಬೇಗ ಹಿಂದೆ ಬಿದ್ದ. ಎಪ್ಪತ್ತು ದಾಟಿದ, ಹೃದಯಾಘಾತಗಳನ್ನು ಕಂಡು ಬದುಕಿದ್ದ ಒಬ್ಬ ಮುದುಕ ಅವನಿಗಾಗಿ ತನ್ನ ನಡೆಯನ್ನು ತಗ್ಗಿಸಿ ಜೊತೆಗೆ ಓಡಿಕೊಂಡು ಬಂದನಂತೆ! ನಾಚಿದ ಬೋವರ್ಮನ್ ಊರಿಗೆ ಮರಳಿ ತನ್ನ ಊರಿನವರನ್ನು ಓಡಿಸಿದ. 1967ರಲ್ಲಿ ಒಬ್ಬ ಹೃದಯತಜ್ಞನೊಡನೆ ಸೇರಿ 'ಜಾಗಿಂಗ್' ಎಂಬ ಪುಸ್ತಕ ಬರೆದ. ಇಂದು ನಮ್ಮ ಊರುಗಳ ಉದ್ಯಾನಗಳಲ್ಲಿ ಬೆಳಿಗ್ಗೆ ಕಾಣುವ ಓಟದ ಹಿಂದೆ ಆ ಆಕ್ಲೆಂಡಿನ ಬೆಳಗೂ ಇದೆ.

ಹಾಗಾದರೆ ವಯಸ್ಸು ಏನನ್ನೂ ಕಸಿಯುವುದಿಲ್ಲವೆ? ಕಸಿಯುತ್ತದೆ, ಆದರೆ ಎಲ್ಲವನ್ನೂ ಒಂದೇ ಸಲಕ್ಕಲ್ಲ. ಕೆನಡದ ಎಡ್ ವಿಟ್ಲಾಕ್ ತರುಣನಾಗಿದ್ದಾಗ ಓಡಿ, ಬಿಟ್ಟು, ನಲವತ್ತರ ನಂತರ ಮತ್ತೆ ಹಿಡಿದವನು. ಮನೆಯ ಹತ್ತಿರದ ಸ್ಮಶಾನವೊಂದರಲ್ಲಿ ಮೂರು ಮೂರು ಗಂಟೆ ನಿಧಾನವಾಗಿ ಸುತ್ತುತ್ತಿದ್ದ. 2004ರಲ್ಲಿ, ಎಪ್ಪತ್ತಮೂರನೆಯ ವಯಸ್ಸಿನಲ್ಲಿ, 2 ಗಂಟೆ 54 ನಿಮಿಷ 48 ಸೆಕೆಂಡಿನಲ್ಲಿ ಮ್ಯಾರಥಾನ್ ಮುಗಿಸಿದ. 2016ರಲ್ಲಿ, ಎಂಬತ್ತೈದರಲ್ಲಿ, ಅದಕ್ಕೆ ಬೇಕಾದದ್ದು 3 ಗಂಟೆ 56 ನಿಮಿಷ 34 ಸೆಕೆಂಡು. ಹನ್ನೆರಡು ವರ್ಷ ಅವನಿಂದ ಒಂದು ಗಂಟೆಯನ್ನು ಕಸಿಯಿತು. ಆದರೆ ದಮ್ಮನ್ನು ಪೂರ್ತಿ ಕಸಿಯಲಿಲ್ಲ.

ಮುಪ್ಪು ಬೇಗ ಕೈಯಿಕ್ಕುವುದು ಕಸುವಿಗೆ. ವಯಸ್ಸಾದ ವೇಗದ ಓಟಗಾರರನ್ನು ಅಳೆದು ನೋಡಿದವರು ಕಂಡದ್ದು ಇದು: ಕ್ಷಣಕ್ಷಣಕ್ಕೆ ಹಾಕುವ ಹೆಜ್ಜೆಗಳ ಎಣಿಕೆ ಅಷ್ಟಾಗಿ ಇಳಿಯುವುದಿಲ್ಲ, ಹೆಜ್ಜೆಯ ಉದ್ದ ಇಳಿಯುತ್ತದೆ. ನೆಲವನ್ನು ಒದ್ದು ಮೈಯನ್ನು ಮುಂದಕ್ಕೆ ಎಸೆಯುವ ಬಲ ಕುಗ್ಗುವುದೇ ಕಾರಣ. ಸ್ನಾಯುವಿನ ಎಳೆಗಳಲ್ಲಿ ಚುರುಕಾದವು ಮೊದಲು ಸೊರಗುತ್ತವೆ. ಈ ಸೊರಗಿಗೆ 1989ರಲ್ಲಿ ಅರ್ವಿನ್ ರೋಸೆನ್‌ಬರ್ಗ್ ಎಂಬ ವಿದ್ವಾಂಸ ಗ್ರೀಕ್ ಪದಗಳಿಂದ 'ಸಾರ್ಕೊಪೀನಿಯ' ಎಂಬ ಹೆಸರನ್ನು ಕಟ್ಟಿದ. ಮಾಂಸದ ಬಡತನ ಎಂದು ಅದರ ಅರ್ಥ. ಮರುವರ್ಷವೇ ಬಾಸ್ಟನ್ನಿನಲ್ಲಿ ಮರಿಯ ಫಿಯಾಟರೋನ್ ಎಂಬ ವೈದ್ಯೆ ಮತ್ತು ಸಂಗಡಿಗರು ಆ ಬಡತನಕ್ಕೆ ಮದ್ದುಂಟೆಂದು ತೋರಿಸಿದರು. ವೃದ್ಧಾಶ್ರಮದ ಹತ್ತು ಮಂದಿ ದುರ್ಬಲರು, ಸರಾಸರಿ ತೊಂಬತ್ತು ವರ್ಷದವರು, ಎಂಟು ವಾರ ಕಾಲಿನಿಂದ ಭಾರವೆತ್ತುವ ಸಾಧನೆಗೆ ತೊಡಗಿದರು. ಪೂರೈಸಿದ ಒಂಬತ್ತು ಮಂದಿಯ ತೊಡೆಯ ಬಲ ಸರಾಸರಿ ಶೇಕಡ 174ರಷ್ಟು ಹೆಚ್ಚಿತು.

ನಮ್ಮ ಗರಡಿಗಳ ದಂಡ, ಬಸ್ಕಿಗಳು ಮಾಡುವುದೂ ಈ ಕೆಲಸವನ್ನೇ. ಓಡುವವನಿಗೆ ಸಾಮು ಬೇಡ, ಸಾಮು ಮಾಡುವವನಿಗೆ ಓಟ ಬೇಡ ಎಂದು ನಾವು ಎರಡನ್ನೂ ಬೇರೆ ಮಾಡಿಕೊಂಡೆವು. ತಾರುಣ್ಯದಲ್ಲಿ ಈ ತಪ್ಪು ನಡೆದುಹೋಗುತ್ತದೆ. ನಲವತ್ತರ ಮೇಲೆ ಮೀನಖಂಡ ಲೆಕ್ಕ ಕೇಳುತ್ತದೆ.

ಕಾಲು ವಾಸಿಯಾದ ಮೇಲೆ ನಾನು ಲಿಡಿಯಾರ್ಡನ ಮೈಲಿಗಳನ್ನು ಬಿಟ್ಟು ಕ್ರಮವನ್ನು ಮಾತ್ರ ತೆಗೆದುಕೊಂಡೆ. ವಾರಕ್ಕೆ ಮೂರು ದಿನ ಮಾತಾಡುವಷ್ಟು ನಿಧಾನದ ಓಟ, ಎರಡು ದಿನ ಬಸ್ಕಿ ಮತ್ತು ಮೆಟ್ಟಿಲಂಚಿನಲ್ಲಿ ನಿಂತು ಹಿಮ್ಮಡಿಯೆತ್ತುವುದು. ಆರು ತಿಂಗಳ ಮೇಲೆ ಊರಾಚೆಯ ಗುಡ್ಡ. ಅದಾದ ಮೇಲೆಯೇ ವಾರಕ್ಕೊಮ್ಮೆ ನಾಲ್ಕಾರು ಸಣ್ಣ ಬಿರುಸಿನ ಓಟ. ನಡುವೆ ಎರಡು ಸಲ ಆತುರಪಟ್ಟು ಮತ್ತೆ ಕುಂಟಿದ್ದೂ ಉಂಟು. ದಣಿವಾರಿಸಿಕೊಳ್ಳುವ ದಿನಗಳು ಇಪ್ಪತ್ತರಲ್ಲಿ ಬೇಕಾದದ್ದಕ್ಕಿಂತ ಈಗ ಹೆಚ್ಚು ಬೇಕೆಂಬುದನ್ನು ಹಾಗೆ ಕಲಿತೆ.

ಲಿಡಿಯಾರ್ಡ್ ನಲವತ್ತೇಳನ್ನು ನೆನೆದು ಹೆದರಿದವನು. ಅವನು ತೀರಿಕೊಂಡದ್ದು 2004ರಲ್ಲಿ, ಎಂಬತ್ತೇಳನೆಯ ವಯಸ್ಸಿನಲ್ಲಿ, ಅಮೆರಿಕದಲ್ಲಿ ಓಟವನ್ನು ಕುರಿತು ಉಪನ್ಯಾಸ ಮಾಡುತ್ತ ಊರೂರು ಸುತ್ತುತ್ತಿದ್ದಾಗ.

ಈ ವರ್ಷದ ಕ್ರೀಡೋತ್ಸವದಲ್ಲಿ ಅಧ್ಯಾಪಕರ ಓಟಕ್ಕೆ ಮತ್ತೆ ನಿಂತೆ. ಏಳು ಜನರಲ್ಲಿ ನಾಲ್ಕನೆಯವನಾದೆ. ಮೂವರೂ ನನಗಿಂತ ಹತ್ತು ಹದಿನೈದು ವರ್ಷ ಚಿಕ್ಕವರು. ಕಾಲು ನೋಯಲಿಲ್ಲ. ಗೆರೆಯ ಆಚೆ ನೀರಿನ ಲೋಟ ಹಿಡಿದು ನಿಂತಿದ್ದ ನಮ್ಮ ಅಟೆಂಡರಿಗೆ ನಿವೃತ್ತಿಗೆ ಎರಡು ವರ್ಷವಿದೆ. ಈ ಸಲ ಅವರು ಗಾದೆ ಹೇಳಲಿಲ್ಲ. "ಬೆಳಿಗ್ಗೆ ಎಷ್ಟು ಹೊತ್ತಿಗೆ ಹೊರಡ್ತೀರಿ, ಸಾರ್?" ಎಂದು ಕೇಳಿದರು.